ಕಾಲರಕ್ಕ ಹೊಲಿದ ಅಂಗಿ

ಬಸ್ಸಿನಲ್ಲಿ ಮುಂದಿನ ಸೀಟಿನವರ ಕಾಲರ್ ಒಳಮಡಿಚಿಕೊಂಡಿದ್ದರೆ ಸಾಕು, ಅವಳ ಕೈ ಅವಳನ್ನು ಕೇಳದೆಯೇ ಹೋಗಿ ಅದನ್ನು ಸರಿಮಾಡಿಬಿಡುತ್ತಿತ್ತು. ಕುತ್ತಿಗೆಗೆ ಬೆರಳು ತಗುಲಿ ಅವರು ಬೆಚ್ಚಿ ತಿರುಗಿದರೆ ಇವಳು ನಾಲಿಗೆ ಕಚ್ಚಿಕೊಂಡು ಕಿಟಕಿಯಾಚೆ ನೋಡುತ್ತಿದ್ದಳು. ಒಬ್ಬಾತನಂತೂ ಸರ ಕೀಳಲು ಬಂದಳೆಂದು ಇಡೀ ಬಸ್ಸಿಗೆ ಕೇಳುವಂತೆ ಕೂಗಾಡಿದ್ದ. ಪಾಪ, ಅವನ ಕೊರಳಲ್ಲಿ ಸರವೇ ಇರಲಿಲ್ಲ. ಏನು ಮಾಡುತ್ತೀರಿ, ಬೆಳಗಿನಿಂದ ಸಂಜೆಯವರೆಗೆ ಕಾಲರು, ಕಾಲರು, ಕಾಲರು. ಕೈಗೆ ಬೇರೇನು ಗೊತ್ತಿರಬೇಕು? ಬಟ್ಟೆ ಫ್ಯಾಕ್ಟರಿಯಲ್ಲಿ ಅವಳನ್ನು ಕಾಲರಕ್ಕ ಎಂದೇ ಕರೆಯುತ್ತಿದ್ದರು. ಅವಳ ಸ್ವಂತ ಹೆಸರು ಸಂಬಳದ ದಿನ ಮಾತ್ರ ಕೇಳಿಬರುತ್ತಿತ್ತು, ಅದೂ ತಪ್ಪು ತಪ್ಪಾಗಿ.

ಅವಳ ಕೆಲಸ ಇಷ್ಟು. ಎಡಗಡೆಯ ಬುಟ್ಟಿಯಿಂದ ಎರಡು ಬಟ್ಟೆ ತುಂಡು, ನಡುವೆ ಗಟ್ಟಿಯಾಗಿ ನಿಲ್ಲಲೆಂದು ಬಕ್ರಂ ತುಂಡು ತೆಗೆದುಕೊಳ್ಳಬೇಕು. ಮೂರು ಕಡೆ ಹೊಲಿಯಬೇಕು, ಒಳಹೊರಗು ಮಾಡಬೇಕು, ಕಡ್ಡಿಯಿಂದ ಎರಡೂ ಮೂಲೆ ಚುಚ್ಚಿ ಚೂಪು ಮಾಡಬೇಕು, ಅಂಚಿಗೆ ಇನ್ನೊಂದು ಹೊಲಿಗೆ ಹಾಕಿ ಬಲಗಡೆಯ ಬುಟ್ಟಿಗೆ ಎಸೆಯಬೇಕು. ಅಷ್ಟರಲ್ಲಿ ಎಡಗಡೆ ಮತ್ತೆ ತುಂಬಿರುತ್ತಿತ್ತು. ಅವಳ ಹಿಂದಿನ ಸಾಲಿನವಳು ತೋಳು ಕೂರಿಸುತ್ತಿದ್ದಳು, ಅವಳ ಹಿಂದಿನವನು ಕಾಜಾ ಕೊರೆಯುತ್ತಿದ್ದ, ಕೊನೆಗೆಲ್ಲೋ ಇಸ್ತ್ರಿ, ಡಬ್ಬ, ಲಾರಿ. ಪೂರ್ತಿ ಅಂಗಿ ಹೇಗಿರುತ್ತದೆಂದು ಅವಳು ನೋಡುತ್ತಿದ್ದದ್ದು ಅಂಗಡಿಯ ಗಾಜಿನ ಹಿಂದೆ, ಬೇರೆಯವರ ಹಾಗೆಯೇ. ಇಷ್ಟು ವರ್ಷದಲ್ಲಿ ಅವಳು ಒಂದೇ ಒಂದು ಅಂಗಿ ಹೊಲಿದವಳಲ್ಲ. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಅಕ್ಕಪಕ್ಕದವರು ಬಟ್ಟೆ ಹಿಡಿದುಕೊಂಡು ಬಂದರೆ, "ಅಯ್ಯೋ, ದಿನವಿಡೀ ಅದೇ ಆಗುತ್ತಲ್ಲ, ಮನೆಗೆ ಬಂದ್ಮೇಲೆ ಮಷೀನ್ ಕಂಡ್ರೆ ಮೈ ಉರಿಯುತ್ತೆ" ಎಂದು ಸಾಗಹಾಕುತ್ತಿದ್ದಳು. ಮನೆಯ ಕಿಟಕಿ ಕೆಳಗಿದ್ದ ಹಳೆಯ ತುಳಿಯುವ ಮಷೀನಿಗೆ ದಿಂಬಿನ ಚೀಲ ಹರಿದಾಗ ಮಾತ್ರ ಕೆಲಸ.

ಮನೆಯಲ್ಲಿ ಇದ್ದದ್ದು ಮೂವರು. ಅವಳು, ಗೋಡೆಗೆ ಬಣ್ಣ ಬಳಿಯುವ ಗಂಡ, ಲಕ್ವ ಹೊಡೆದು ಬಲಗೈ ಬಿದ್ದುಹೋಗಿದ್ದ ಅವಳ ಅಪ್ಪ. ಅಪ್ಪ ಬಸ್ ಕಂಡಕ್ಟರ್ ಆಗಿದ್ದವರು. ಕೆಲಸದಲ್ಲಿದ್ದಾಗ ಕಾಲರ್ ಕೊಳೆಯಾಗದಿರಲೆಂದು ಕುತ್ತಿಗೆಗೆ ಕರವಸ್ತ್ರ ಸುತ್ತಿಕೊಂಡು ಹೋಗುತ್ತಿದ್ದರು. ಬಸ್ಸಿನಲ್ಲಿ ಎಷ್ಟೇ ನೂಕುನುಗ್ಗಲಿರಲಿ, ಸಂಜೆ ಇಳಿಯುವಾಗ ಅಂಗಿಯ ಇಸ್ತ್ರಿ ಮುರಿದಿರುತ್ತಿರಲಿಲ್ಲ. ಅಂಥವರ ಅಂಗಿಗೆ ಈಗ ಅಳಿಯ ಗುಂಡಿ ಹಾಕಬೇಕಾಗಿತ್ತು.

ಅಳಿಯ ಬಂಗಾರದಂಥ ಮನುಷ್ಯ, ಆದರೆ ಬೆಳಗಿನ ಹೊತ್ತು ಅರೆನಿದ್ದೆಯ ಆಸಾಮಿ. ಒಂದು ದಿನ ಒಂದು ಗುಂಡಿಯನ್ನು ಇನ್ನೊಂದರ ಕಾಜಾಕ್ಕೆ ಸಿಗಿಸಿ ಕಳಿಸಿಬಿಟ್ಟ. ಅಪ್ಪ ಒಂದು ಕಡೆ ಉದ್ದ, ಒಂದು ಕಡೆ ಗಿಡ್ಡವಾದ ಅಂಗಿಯಲ್ಲಿ ಡಿಪೋ ಎದುರಿನ ಟೀ ಅಂಗಡಿಗೆ ಹೋಗಿ ಕೂತರು. ಹಳೆಯ ಸ್ನೇಹಿತನೊಬ್ಬ, "ಏನ್ರೀ ಕಂಡಕ್ಟ್ರೇ, ಬೆಳಗ್ಗೆ ಬೆಳಗ್ಗೆಯೇ ಏರಿಸಿಬಿಟ್ರಾ?" ಎಂದು ನಕ್ಕ. ತಮಾಷೆಗೆ ಅಂದದ್ದೇ. ಅಪ್ಪ ಅರ್ಧ ಟೀ ಬಿಟ್ಟು ಎದ್ದು ಬಂದವರು ಆಮೇಲೆ ಹೊಸ್ತಿಲು ದಾಟಲಿಲ್ಲ. ಬನೀನು ಹಾಕಿಕೊಂಡು ಕಿಟಕಿ ಪಕ್ಕ ಕೂತುಬಿಟ್ಟರು. ಟೀ ಶರ್ಟ್ ತಂದುಕೊಟ್ಟರೆ, "ನಾನೇನು ಕಾಲೇಜು ಹುಡುಗನಾ?" ಎಂದು ತಳ್ಳಿದರು. ಡಾಕ್ಟರು, "ಓಡಾಡಿ ಯಜಮಾನ್ರೇ, ಕೂತ್ರೆ ಕಾಲೂ ಹೋಗುತ್ತೆ" ಅಂದಿದ್ದರು. ಬೀದಿಯವರಿಗೆ ಕಿಟಕಿಯಿಂದಲೇ ಬಡಾಯಿ ಕೊಚ್ಚುವುದನ್ನು ಮಾತ್ರ ಬಿಟ್ಟಿರಲಿಲ್ಲ. "ನನ್ನ ಮಗಳು ಹೊಲಿದ ಅಂಗಿ ಹಡಗು ಹತ್ತಿ ಹೋಗುತ್ತೆ, ಗೊತ್ತೇನ್ರಿ?" ಅದನ್ನು ಕೇಳಿದಾಗಲೆಲ್ಲ ಕಾಲರಕ್ಕನಿಗೆ ಮೈ ಹಿಡಿಯಾಗುತ್ತಿತ್ತು.

ಹೀಗಿರುವಾಗ ಫ್ಯಾಕ್ಟರಿಗೆ ಒಬ್ಬ ಟ್ರೈನಿಂಗ್ ಮೇಡಂ ಬಂದರು. ಊಟದ ಬಿಡುವಿನಲ್ಲಿ, ಅದೂ ಅರ್ಧ ಬಿಡುವನ್ನು ನುಂಗಿ, ಬದುಕನ್ನು ಅರ್ಥಪೂರ್ಣವಾಗಿ ಬದುಕುವುದು ಹೇಗೆಂದು ಹೇಳಿಕೊಡಲು. ಸೂಪರ್‌ವೈಸರ್ ಎಲ್ಲರನ್ನೂ ಊಟದ ಹಾಲ್‌ನಲ್ಲಿ ಸಾಲಾಗಿ ಕೂರಿಸಿದ. ಮೇಡಂ ನಗುತ್ತಾ, "ಬೆಳಗ್ಗೆ ನೀವು ಯಾಕೆ ಏಳ್ತೀರಿ? ಯೋಚನೆ ಮಾಡಿ ಹೇಳಿ" ಅಂದರು.

"ಏಳದೇ ಇದ್ರೆ ಬಸ್ಸು ಹೋಗಿಬಿಡುತ್ತಲ್ಲ ಮೇಡಂ" ಎಂದಳು ತೋಳು ಕೂರಿಸುವವಳು. ಇಡೀ ಹಾಲ್ ಗೊಳ್ಳೆಂದಿತು. ತೋಳಿನವಳು ವಯಸ್ಸಿನಲ್ಲಿ ಚಿಕ್ಕವಳು, ಬಾಯಿ ದೊಡ್ಡದು.

ಮೇಡಂ ಕಾಲರಕ್ಕನ ಕಡೆ ತಿರುಗಿದರು. "ನೀವು ಹೇಳಿ ಅಕ್ಕ. ನೀವು ಏನು ಮಾಡ್ತೀರಿ?"

"ಕಾಲರ್."

"ಅದು ಕೆಲಸ. ಅದಲ್ಲ ನಾನು ಕೇಳಿದ್ದು. ಮನಸ್ಸಿಟ್ಟು, ಬೇಕು ಅಂತ ಮಾಡಿ, ಇದು ನಾನು ಮಾಡಿದ್ದು ಅಂತ ನಾಲ್ಕು ಜನರಿಗೆ ತೋರಿಸೋ ಅಂಥದ್ದು?"

ಕಾಲರಕ್ಕ ಊಟದ ಡಬ್ಬಿಯ ಮುಚ್ಚಳ ತೆಗೆದು ಮತ್ತೆ ಹಾಕಿದಳು. ಸದ್ಯ, ಅಷ್ಟರಲ್ಲಿ ಗಂಟೆ ಹೊಡೆಯಿತು. ಎದ್ದು ಹೋಗುವಾಗ ಮೇಡಂ ಅಂಗಿಯ ಕಾಲರ್ ಒಂದು ಕಡೆ ಎದ್ದು ನಿಂತಿದ್ದು ಕಂಡಿತು. ಕೈ ಸುಮ್ಮನಿದ್ದೀತೇ? ಹೋಗಿ ಸರಿಮಾಡಿತು. ಮೇಡಂ ಬೆಚ್ಚಲಿಲ್ಲ, ಬೈಯಲೂ ಇಲ್ಲ. "ಥ್ಯಾಂಕ್ಸ್ ಅಕ್ಕ. ಬೆಳಗ್ಗಿಂದ ಇದು ಮೂರನೇ ಫ್ಯಾಕ್ಟರಿ. ನಂಗೇ ಸಾಕಾಗಿಹೋಗಿದೆ" ಎಂದು ಮೆಲ್ಲಗೆ ಅಂದು ಚೀಲ ಎತ್ತಿಕೊಂಡರು.

ಆ ಮಧ್ಯಾಹ್ನವೆಲ್ಲ ಕಾಲರಕ್ಕ ತನ್ನ ಕೈಗಳನ್ನೇ ನೋಡುತ್ತ ಕೂತಳು. ಅವು ಯಾರದೋ ಕೈಗಳ ಹಾಗೆ ತಮ್ಮ ಪಾಡಿಗೆ ತಾವು ಹೊಲಿಯುತ್ತಿದ್ದವು. ಬೆಳಗ್ಗಿನಿಂದ ಮಾಡಿದ ಯಾವ ಕಾಲರೂ ಅವಳಿಗೆ ನೆನಪಿರಲಿಲ್ಲ. ಎಷ್ಟು ದಿನದಿಂದ ಹೀಗೆ?

ಸಂಜೆ ಸೋತು ಸುಣ್ಣವಾಗಿ ಮನೆಗೆ ಬಂದರೆ ಅಪ್ಪ ಕಿಟಕಿಯಿಂದ ತಿರುಗದೆಯೇ ಅಂದರು: "ಊರಿಗೆಲ್ಲ ಅಂಗಿ ಹೊಲೀತೀಯ. ಒಂದೇ ಕೈಲಿ ಹಾಕ್ಕೊಳ್ಳೋ ಅಂಥ ಅಂಗಿ ನಂಗೊಂದು ಹೊಲಿದುಕೊಡೋಕೆ ಆಗಲ್ವಾ ಮಗಳೇ? ಯಾರೂ ಮುಟ್ಟಬಾರದು. ನಾನೇ ಹಾಕ್ಕೊಂಡು ಹೊರಗೆ ಹೋಗಿಬರ್ತೀನಿ."

ಅಪ್ಪ ಏನನ್ನಾದರೂ ಬಾಯಿಬಿಟ್ಟು ಕೇಳಿದ್ದು ಕಾಯಿಲೆ ಬಿದ್ದ ಮೇಲೆ ಅದೇ ಮೊದಲು. "ಅದೇನು ಮಹಾ, ಮಾಡಿದ್ರಾಯ್ತು" ಎಂದುಬಿಟ್ಟಳು. ಅಂದಮೇಲೆ ಅಡುಗೆಮನೆಗೆ ಹೋಗಿ ಸಿಂಕಿನ ಅಂಚು ಹಿಡಿದುಕೊಂಡು ನಿಂತಳು.

ಮಾರನೆಯ ದಿನ ತೋಳಿನವಳಿಗೆ ವಿಷಯ ಹೇಳಿದಳು. ಅವಳು, "ಅಯ್ಯೋ, ಇಷ್ಟೇನಾ? ಬಟ್ಟೆ ತಗೊಂಡು ಬಾ. ನಾನು ತೋಳು ಹಾಕ್ತೀನಿ, ಹಿಂದಿನ ಕಾಜಾದವನು ಕಾಜಾ ಹೊಡೀತಾನೆ, ಸೂಪರ್‌ವೈಸರ್ ಕಣ್ಣು ತಪ್ಪಿಸಿ ಒಂದೇ ಮಧ್ಯಾಹ್ನದಲ್ಲಿ ಮುಗಿಸಿಬಿಡೋಣ" ಅಂದಳು.

"ಬೇಡ ಕಣೆ. ನಾನೇ ಹೊಲೀಬೇಕು. ಪೂರ್ತಿ."

"ಯಾಕೆ? ಮೇಡಂ ಗಾಳಿ ಬಡೀತಾ ನಿಂಗೆ?"

"ಬಡೀತು ಅಂದ್ಕೋ. ತೋಳು ಕೂರಿಸೋದು ತೋರಿಸಿಕೊಡು, ಸಾಕು."

ರಜೆಯ ದಿನ ಬಂತು. ಬೇರೆ ಯಾರಾದರೂ ಆಗಿದ್ದರೆ ಮೊದಲು ಅಳತೆ ತೆಗೆಯುತ್ತಿದ್ದರು, ಬೆನ್ನು, ಎದೆ, ತೋಳು ಕತ್ತರಿಸುತ್ತಿದ್ದರು. ಕಾಲರಕ್ಕ ಕೂತವಳೇ ಮೊದಲು ಕಾಲರ್ ಹೊಲಿದಳು. ಬರುವ ಕೆಲಸದಿಂದ ಶುರುಮಾಡಿದರೆ ಧೈರ್ಯ ಬರುತ್ತದಲ್ಲ. ಎರಡು ಮೂಲೆಯೂ ಚೂಪು, ಹೊಲಿಗೆ ಗೆರೆ ಎಳೆದ ಹಾಗೆ. ಆಮೇಲೆ ಗಂಡನ ಹಳೆಯ ಅಂಗಿಯೊಂದನ್ನು ಬಿಚ್ಚಿ ನೆಲಕ್ಕೆ ಹಾಸಿ, ಅದನ್ನು ನೋಡಿಕೊಂಡು ಉಳಿದದ್ದನ್ನೆಲ್ಲ ಕಾಲರಿಗೆ ಹೊಂದುವಂತೆ ಕತ್ತರಿಸಿದಳು. ಬಿಚ್ಚಿ, ಹೊಲಿದು, ಮತ್ತೆ ಬಿಚ್ಚಿ, ಬೆರಳಿಗೆ ಸೂಜಿ ಚುಚ್ಚಿಕೊಂಡು, ಸಂಜೆ ಅಪ್ಪನ ಮೈಗೆ ಹಿಡಿದಳು.

ಅಪ್ಪ ಕೆಳಗೆ ನೋಡಿಕೊಂಡು, "ಇದರೊಳಗೆ ನಾನೂ ಹೋಗಬಹುದು, ನಿನ್ನ ಗಂಡನೂ ಬರಬಹುದು" ಅಂದರು.

ಆಗಲೇ ಅವಳಿಗೆ ಹೊಳೆದದ್ದು. ಕೈ ಹೊಲಿದಿದ್ದು ಫ್ಯಾಕ್ಟರಿಯ ಅಳತೆಯ ಕಾಲರ್. ಆ ತಿಂಗಳು ಯಾವ ದೇಶದ ಯಾವ ದಪ್ಪ ಕುತ್ತಿಗೆಯವರಿಗೆ ಹೊಲಿಯುತ್ತಿದ್ದರೋ ಅದೇ ಕುತ್ತಿಗೆ. ಅಪ್ಪನ ಕುತ್ತಿಗೆ ಕಾಯಿಲೆಯಲ್ಲಿ ಕರಗಿ ಎಷ್ಟಾಗಿದೆಯೆಂದು ಅವಳು ನೋಡಿಯೇ ಇರಲಿಲ್ಲ. ಒಂದೇ ಮನೆಯಲ್ಲಿದ್ದು, ದಿನಾ ಊಟ ಬಡಿಸಿ, ನೋಡಿಯೇ ಇರಲಿಲ್ಲ. ಅವಳಿಗೆ ಅಳು ಬಂತು, ಅಳುವಷ್ಟು ತ್ರಾಣವೂ ಇರಲಿಲ್ಲ.

ಎರಡನೆಯದನ್ನು ಅಳತೆ ತೆಗೆದು ಹೊಲಿದಳು. ಈ ಸಲ ತಲೆಯಿಂದ ಎಳೆದುಕೊಳ್ಳುವಂಥದ್ದು, ಎದೆಯವರೆಗೆ ಮಾತ್ರ ಸೀಳು. ಬಿದ್ದುಹೋದ ತೋಳು ಸುಲಭವಾಗಿ ಇಳಿಯಲೆಂದು ಬಲದ ತೋಳನ್ನು ಅಗಲ ಮಾಡಿದಳು. ಅಪ್ಪ ಎಡಗೈಯಿಂದ ಬಲಗೈಯನ್ನು ತೋಳಿನೊಳಗೆ ತೂರಿಸಿ, ತಲೆ ಹಾಕಿ, ಜಗ್ಗಿ, ಕೊನೆಗೂ ಒಳಹೊಕ್ಕರು. ಆದರೆ ಹಿಂದುಗಡೆ ಕಾಲರ್ ಒಳಕ್ಕೆ ಮಡಿಚಿಕೊಂಡು ಕೂತುಬಿಟ್ಟಿತ್ತು. ಎಡಗೈಯನ್ನು ತಲೆಯ ಹಿಂದೆ ಒಯ್ದರು. ಎಟುಕಲಿಲ್ಲ. ಪಕ್ಕದಿಂದ ಒಯ್ದರು. ಒಂದು ತುದಿ ಹೊರಬಂತು, ಇನ್ನೊಂದು ಒಳಗೆ ಹೋಯಿತು. ಹಣೆಯಲ್ಲಿ ಬೆವರೊಡೆಯಿತು. ಕಾಲರಕ್ಕನ ಕೈ ತಾನಾಗಿ ಹೋಯಿತು.

"ಬಿಡು!" ಅಪ್ಪ ಅವಳ ಕೈಯನ್ನು ಬಡಿದು ತಳ್ಳಿದರು. "ಇದನ್ನೂ ನೀನೇ ಮಾಡಬೇಕು ಅಂದ್ರೆ ಅಂಗಿ ಯಾಕೆ? ಗುಂಡಿನೇ ಇರಲಿ, ನಿನ್ನ ಗಂಡನೇ ಇರಲಿ!" ಅಂಗಿಯನ್ನು ಹೇಗೋ ಕಿತ್ತು ಬಿಸಾಡಿ ಮತ್ತೆ ಕಿಟಕಿಗೆ ಹೋಗಿ ಕೂತರು.

ಕಾಲರಕ್ಕ ಸೋಲೊಪ್ಪಲಿಲ್ಲ. ಬಕ್ರಂ ತೆಗೆದು ಮೆತ್ತಗಿನ ಕಾಲರ್ ಮಾಡಿದಳು, ಅದು ಒಳಗೇ ಮುದುಡಿಕೊಂಡಿತು. ಗಿಡ್ಡ ಕಾಲರ್ ಮಾಡಿದಳು, ಅದೂ ಅಷ್ಟೇ. ಫ್ಯಾಕ್ಟರಿಯಿಂದ ಬರುವುದು, ಅಡುಗೆ ಮುಗಿಸುವುದು, ಕಾಲರ್ ಕೀಳುವುದು, ಹಚ್ಚುವುದು. ಕಣ್ಣ ಕೆಳಗೆ ಕಪ್ಪಾಯಿತು. ಬಸ್ಸಿನಲ್ಲಿ ನಿಂತಲ್ಲೇ ತೂಕಡಿಸಿ ಇಳಿಯುವ ಸ್ಟಾಪ್ ದಾಟಿ ಹೋದಳು. ಒಂದು ಸಂಜೆ ಗಂಡ ಕಿವಿಯ ಬಣ್ಣ ಕೆರೆಯುತ್ತ ಸುಮ್ಮನೆ ಅಂದ: "ಅಷ್ಟೊಂದು ಯಾಕೆ ಒದ್ದಾಡ್ತೀಯ? ಕಾಲರ್ ತೆಗೆದುಬಿಡು."

ಅವಳು ಕತ್ತರಿಯನ್ನು ನೆಲಕ್ಕೆ ಕುಕ್ಕಿದಳು. "ಕಾಲರ್ ಇಲ್ಲದ್ದು ಅಂಗಿಯೇನ್ರಿ? ತೆಗೆದುಬಿಡು ಅಂತೆ! ಅದನ್ನ ತೆಗೆದ್ರೆ ನಾನು ಮಾಡಿದ್ದು ಅಂತ ಏನಿರುತ್ತೆ ಅದರಲ್ಲಿ? ನಂಗೆ ಬರೋದು ಅದೊಂದೇ! ಈ ತೋಳು, ಈ ಬೆನ್ನು, ಇದ್ಯಾವುದೂ ನಂಗೆ ಬರಲ್ಲ. ಇಷ್ಟು ವರ್ಷದಲ್ಲಿ ಒಂದು ಅಂಗೀನೂ ಹೊಲಿದೋಳಲ್ಲ ನಾನು, ಗೊತ್ತಾ?"

ಅಂದಮೇಲೆ ನೆನಪಾಯಿತು, ಅಪ್ಪ ಅಲ್ಲೇ ಕೂತಿದ್ದಾರೆಂದು. ಗಂಡ ಬಣ್ಣ ಕೆರೆಯುವುದನ್ನು ನಿಲ್ಲಿಸಿದ. ಕಾಲರಕ್ಕ ತಲೆ ಎತ್ತಲಿಲ್ಲ. ಇನ್ನು ಕಿಟಕಿಯಲ್ಲಿ ಬಡಾಯಿಯೂ ಇರುವುದಿಲ್ಲ ಎಂದುಕೊಂಡಳು.

ಅಪ್ಪ ಕಿಟಕಿಯಿಂದ ಇತ್ತ ತಿರುಗಿದರು. "ನಾನೂ ಬಸ್ ಓಡಿಸಿದೋನಲ್ಲ. ಟಿಕೆಟ್ ಹರಿದುಕೊಟ್ಟೆ, ಸೀಟಿ ಊದಿದೆ, ಅಷ್ಟೇ. ಆದ್ರೆ ಸಾಯೋ ತನಕ ನಮ್ಮ ಬಸ್ಸು ಅಂತಲೇ ಅನ್ನೋದು." ಆಮೇಲೆ, "ತೆಗಿ ಆ ಕಾಲರ್‌ನ. ಜೇಬು ಮಾತ್ರ ಇರಲಿ. ಜೇಬಿಲ್ಲದಿದ್ರೆ ಅದು ಬನೀನೇ" ಅಂದರು.

ಉಳಿದ ಬಟ್ಟೆಯಲ್ಲಿ ಅವಳು ಹೊಸದಾಗಿ ಶುರುಮಾಡಿದಳು. ಗುಂಡಿಯಿಲ್ಲ, ಸೀಳಿಲ್ಲ, ತಲೆ ಸರಾಗವಾಗಿ ಹೋಗುವಂಥ ಅಗಲ ದುಂಡು ಕೊರಳು. ಕೊರಳಿನ ಸುತ್ತ ಪಟ್ಟಿ ಕೊಡುವುದನ್ನು ತೋಳಿನವಳಿಂದ ಚಿಂದಿ ಬಟ್ಟೆಯ ಮೇಲೆ ಕಲಿತು ಬಂದಳು. ಇಲ್ಲಿ ಕೈಗೆ ಗೊತ್ತಿದ್ದದ್ದು ಒಂದೂ ಇರಲಿಲ್ಲ. ಪ್ರತಿ ಅಂಗುಲಕ್ಕೂ ನಿಲ್ಲಿಸಬೇಕು, ನೋಡಬೇಕು, ಮುಂದೇನೆಂದು ಯೋಚಿಸಬೇಕು. ನಿಧಾನ ಅಂದರೆ ಅಷ್ಟು ನಿಧಾನ, ಸೂಪರ್‌ವೈಸರ್ ನೋಡಿದ್ದರೆ ಎದೆ ಹಿಡಿದುಕೊಂಡು ಕೂರುತ್ತಿದ್ದ. ಆದರೂ ಸುಸ್ತಾದ ಮೈಯಲ್ಲಿ ಎಲ್ಲೋ ಒಂದು ಕಡೆ ಅವಳಿಗೆ ಹಿತವಾಗಿತ್ತು. ತಾನು ಇಲ್ಲಿ ಇದ್ದೇನೆ, ಇದನ್ನು ಮಾಡುತ್ತಿದ್ದೇನೆ ಎಂದು ಗೊತ್ತಾಗುತ್ತಿತ್ತು. ಅಷ್ಟು ಗೊತ್ತಾಗದೆ ಎಷ್ಟು ಕಾಲವಾಗಿತ್ತೋ.

ಅಪ್ಪ ಹಾಕಿ ನೋಡಿದರು. ಕೈ ಹೋಯಿತು, ತಲೆ ಹೋಯಿತು, ಅಂಗಿ ಇಳಿಯಿತು. ಯಾರೂ ಮುಟ್ಟಲಿಲ್ಲ. ಅಪ್ಪ ಕುತ್ತಿಗೆ ಸವರಿಕೊಂಡು, "ಹೂಂ. ಗಾಳಿ ಆಡುತ್ತೆ" ಅಂದರು. ಅಷ್ಟೇ. ಆದರೆ ತೆಗೆಯಲು ಮನಸ್ಸಿಲ್ಲದೆ ಊಟದವರೆಗೂ ಹಾಕಿಕೊಂಡೇ ಇದ್ದರು.

ಉಳಿದದ್ದು ಜೇಬು. ಮಾರನೆಯ ಬೆಳಗ್ಗೆ ಅಪ್ಪ ಏಳುವ ಮೊದಲೇ ಎದ್ದು ಅದಕ್ಕೆ ಕೂತಳು. ಎಲ್ಲ ಅಂಗಿಗಳಂತೆ ಎದೆಯ ಎಡಕ್ಕೆ ಇಟ್ಟು ಇನ್ನೇನು ಹೊಲಿಯಬೇಕು, ತಡೆದಳು. ತನ್ನ ಎಡಗೈಯನ್ನು ತನ್ನ ಎಡ ಎದೆಗೆ ಒಯ್ದು ನೋಡಿದಳು. ಮಣಿಕಟ್ಟು ತಿರುಚಿಕೊಂಡಿತು, ಬೆರಳು ಜೇಬಿನೊಳಗೆ ಇಳಿಯುವಂತಿರಲಿಲ್ಲ. ಅಪ್ಪನಿಗಿರುವುದು ಅದೊಂದೇ ಕೈ. ಅವಳು ಜೇಬನ್ನು ಬಲಕ್ಕೆ ಇಟ್ಟಳು, ಬಾಯಿಯನ್ನು ತುಸು ಓರೆ ಮಾಡಿದಳು. ಯಾರೂ ಹೇಳಿಕೊಟ್ಟದ್ದಲ್ಲ, ಯಾವ ಅಂಗಿಯನ್ನೂ ನೋಡಿ ಮಾಡಿದ್ದಲ್ಲ. ಅವಳಿಗೇ ಹೊಳೆದದ್ದು. ಹೊಲಿಗೆ ಮುಗಿಸಿ ದಾರ ಕತ್ತರಿಸುವಾಗ ಅವಳಿಗೆ ಎಷ್ಟು ಖುಷಿಯಾಯಿತೆಂದರೆ ಒಬ್ಬಳೇ ನಕ್ಕಳು. ಬಸ್ಸಿಗೆ ಹೊತ್ತಾಗಿತ್ತು. ಅಂಗಿಯನ್ನು ಮಡಿಚಿ ಅಪ್ಪನ ಕುರ್ಚಿಯ ಮೇಲಿಟ್ಟು ಓಡಿದಳು.

ಆ ದಿನ ಫ್ಯಾಕ್ಟರಿಯಲ್ಲಿ ಟಾರ್ಗೆಟ್ ಏರಿಸಿದ್ದರು. ಸೂಪರ್‌ವೈಸರ್ ಬೆನ್ನ ಹಿಂದೆಯೇ ನಿಂತಿದ್ದ. ಎಡಗಡೆಯ ಬುಟ್ಟಿ ಖಾಲಿಯಾಗಲೇ ಇಲ್ಲ. ಸಂಜೆ ಬಸ್ಸು ಹತ್ತಿದಾಗ ಅವಳ ಬೆನ್ನು ಬಿಗಿದು ಹಲಗೆಯಾಗಿತ್ತು, ಕಾಲು ತನ್ನದಲ್ಲ ಅನ್ನಿಸುತ್ತಿತ್ತು. ಕಂಬಕ್ಕೆ ತಲೆಯಾನಿಸಿ ಕಣ್ಣು ಮುಚ್ಚಿದಳು.

ತಾನಿಳಿಯುವ ಸ್ಟಾಪ್ ಬಂದಾಗ ಯಾರೋ ಇಬ್ಬರು ಹುಡುಗಿಯರು ಕಿಸಕ್ಕೆಂದು ನಕ್ಕದ್ದು ಕೇಳಿ ಕಣ್ಣು ಬಿಟ್ಟಳು. "ಲೇ, ಅಲ್ಲಿ ನೋಡೇ, ಬೆನ್ನಿಗೆ ಜೇಬು!"

ಸ್ಟಾಪಿನಲ್ಲಿ ಅಪ್ಪ ನಿಂತಿದ್ದರು. ಒಬ್ಬರೇ. ಮನೆಯಿಂದ ಅಷ್ಟು ದೂರ ನಡೆದು ಬಂದು, ಬಸ್ಸಿಗೆ ಬೆನ್ನು ಮಾಡಿ, ಆಚೆ ಬಂದು ನಿಂತಿದ್ದ ಇನ್ನೊಂದು ಬಸ್ಸಿನ ಕಂಡಕ್ಟರನಿಗೆ ಏನೋ ಜೋರಾಗಿ ಹೇಳುತ್ತಿದ್ದರು. ಬೆನ್ನಿನ ಮೇಲೆ, ಹೆಗಲಿನ ಕೆಳಗೆ, ಅವಳು ಬೆಳಗ್ಗೆ ಹೊಲಿದ ಜೇಬು ಇತ್ತು.

ಅಪ್ಪ ಅಂಗಿಯನ್ನು ಹಿಂದುಮುಂದಾಗಿ ಹಾಕಿಕೊಂಡಿದ್ದರು. ಅಂಗಿಗೆ ಮುಂದು ಯಾವುದು, ಹಿಂದು ಯಾವುದು ಎಂದು ಹೇಳುವುದು ಕಾಲರು. ಅದಿಲ್ಲದ ಅಂಗಿ ಅವಳ ಬದುಕಿನಲ್ಲೇ ಇರಲಿಲ್ಲ. ಕೊರಳನ್ನು ಎರಡೂ ಕಡೆ ಒಂದೇ ಆಳಕ್ಕೆ ಕತ್ತರಿಸಿದ್ದಳು, ಗುರುತಿಗೆ ಒಂದು ದಾರದ ಹೊಲಿಗೆಯನ್ನೂ ಹಾಕಿರಲಿಲ್ಲ. ದರ್ಜಿ ಅಂಗಡಿಗೆ ಹೊಸದಾಗಿ ಸೇರಿದವನೂ ಮಾಡದ ತಪ್ಪು.

ಇಳಿದು ಹುಡುಗಿಯರನ್ನು ದುರುಗುಟ್ಟಿ ನೋಡಿ, ಸೀದಾ ಹೋಗಿ ಅಪ್ಪನ ಬೆನ್ನ ಹಿಂದೆ ನಿಂತಳು. ಅಭ್ಯಾಸದಿಂದ ಕೈ ಕುತ್ತಿಗೆಯ ಕಡೆಗೆ ಎದ್ದಿತು. ಅಲ್ಲಿ ಸರಿಮಾಡಲು ಏನೂ ಇರಲಿಲ್ಲ. ಕೈ ಕೆಳಗಿಳಿಯಿತು.

ಅಪ್ಪ ತಿರುಗಿದರು. ಇಷ್ಟು ದಿನದಲ್ಲಿ ಆ ಮುಖದಲ್ಲಿ ಅವಳು ಅಂಥ ಕಳೆ ನೋಡಿರಲಿಲ್ಲ. "ಬಂದ್ಯಾ? ಯಾರೂ ಮುಟ್ಟಲಿಲ್ಲ ನೋಡು. ನಿನ್ನ ಗಂಡ ಎದ್ದು ಹೋದ್ಮೇಲೆ ನಾನೇ ಹಾಕ್ಕೊಂಡೆ. ಡಿಪೋಗೂ ಹೋಗಿದ್ದೆ, ಟೀ ಕುಡಿದೆ. ಎಲ್ಲಿ ಹೊಲಿಸಿದ್ರಿ ಅಂದ್ರು. ಹಡಗಿನಲ್ಲಿ ಹೋಗೋ ಅಂಥದ್ದು ಅಂದೆ."

"ಏನಂದ್ರು?"

"ಏನಂತಾರೆ, ನಕ್ಕರು. ಚೆನ್ನಾಗಿದೆ ಅಂದ್ರು."

ಅವರು ಯಾಕೆ ನಕ್ಕರೆಂದು ಕಾಲರಕ್ಕನಿಗೆ ಗೊತ್ತಿತ್ತು. ಅಪ್ಪನಿಗೆ ಗೊತ್ತಿರಲಿಲ್ಲ. ಅಪ್ಪನ ಎಡ ಮುಷ್ಟಿಯಲ್ಲಿ ಕನ್ನಡಕ, ಚಿಲ್ಲರೆ, ಮನೆಯ ಬೀಗದ ಕೈ ಎಲ್ಲ ಒಟ್ಟಿಗೆ ಇದ್ದವು, ಬಿಗಿಯಾಗಿ ಹಿಡಿದು ಬೆರಳು ಬೆಳ್ಳಗಾಗಿದ್ದವು. ಬೆಳಗ್ಗಿನಿಂದ ಹಾಗೇ ಹಿಡಿದುಕೊಂಡು ತಿರುಗಿದ್ದರು.

"ಎಲ್ಲ ಸರಿಯಾಗಿದೆ ಮಗಳೇ" ಎಂದರು ಅಪ್ಪ, ಮುಷ್ಟಿಯನ್ನು ಅವಳ ಮುಂದೆ ಚಾಚಿ. "ಆದ್ರೆ ಅಷ್ಟು ಹೇಳಿದ್ದೆ, ಜೇಬೊಂದು ಮರೆತುಬಿಟ್ಟಿದ್ದೀಯಲ್ಲ."

ಬಾಯಿಗೆ ಬಂದಿತ್ತು. ಬಲಕ್ಕೆ ಇಟ್ಟಿದ್ದೆ ಅಪ್ಪ, ನಿನ್ನ ಎಡಗೈಗೆ ಎಟುಕಲಿ ಅಂತ, ಬಾಯಿ ಓರೆ ಮಾಡಿದ್ದೆ, ನಾನೇ ಯೋಚನೆ ಮಾಡಿದ್ದು ಎಂದು. ನಾಲ್ಕು ಜನರಿಗೆ ತೋರಿಸುವಂಥದ್ದು ಅವಳ ಬದುಕಿನಲ್ಲಿ ಅದೊಂದೇ ಇತ್ತು. ತೋರಿಸಿದರೆ ಅಪ್ಪ ಮತ್ತೆ ಕಿಟಕಿಯಿಂದ ಏಳುವುದಿಲ್ಲ.

"ಹೂಂ ಅಪ್ಪ. ಮರೆತೆ" ಅಂದಳು.

"ಹೋಗ್ಲಿ ಬಿಡು. ನಿನಗೂ ಎಷ್ಟು ಅಂತ ಕೆಲಸ. ನಾಳೆ ಹಾಕಿಕೊಡು."

"ನಾಳೆ ಹಾಕಿಕೊಡ್ತೀನಿ."

ಅಪ್ಪ ಕೈಯಲ್ಲಿದ್ದದ್ದನ್ನೆಲ್ಲ ಅವಳ ಕೈಗೆ ಸುರಿದು, ಹಗುರವಾಗಿ, ಒಂದು ಕಾಲು ಎಳೆಯುತ್ತ ಮುಂದೆ ನಡೆದರು. ಹಿಂದೆ ಬರುವವರಿಗೆ ಕಾಣದಿರಲೆಂದು ಅವಳು ಅವರ ಬೆನ್ನಿಗೇ ಅಂಟಿಕೊಂಡು ನಡೆದಳು. ದಾರಿಯುದ್ದಕ್ಕೂ ಆ ಜೇಬು ಅವಳ ಕಣ್ಣೆದುರಿಗೇ ಇತ್ತು. ಹೊಲಿಗೆ ನೆಟ್ಟಗೆ ಬಂದಿತ್ತು.